ಜೀವ ಕಂಡರೆ ಹತ್ತುವ ಬಲ್ಬು

ದೆವ್ವ, ಗಾಳಿ ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಅಂಥ ಕಥೆ ತೆಗೆದರೆ, "ಸಾಕು ಸುಮ್ನಿರಿ, ಒಲೆ ಮೇಲೆ ಅನ್ನ ಇದೆ" ಎಂದು ಎದ್ದುಹೋಗುತ್ತಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ಆದರೆ ಶಿಕಾರಿಪುರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಮುಸ್ಸಂಜೆ ಕಂಡದ್ದನ್ನು ಏನೆಂದು ಕರೆಯಬೇಕೋ ನನಗೆ ತಿಳಿದಿಲ್ಲ. ನಿಮಗೆ ತಿಳಿದರೆ ಹೇಳಿ.

ಈಗೇನು, ಮೆಟ್ಟಿಲಿಗೊಂದು ಬಚ್ಚಲಿಗೊಂದು ಎಲ್‌ಇಡಿ ಬಲ್ಬು. ನಾವು ಹೋದರೆ ತಾವೇ ಹತ್ತುತ್ತವೆ, ಸ್ವಲ್ಪ ಹೊತ್ತಿಗೆ ತಾವೇ ಆರುತ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ ಮಾತ್ರ ಅದು ನಮ್ಮ ಕೇರಿಗೇ ಹೊಸದು. ಬಟ್ಟೆ ಅಂಗಡಿಗೆ ಮಾಲು ತರಲು ಮುಂಬಯಿಗೆ ಹೋಗಿದ್ದ ನಮ್ಮ ಯಜಮಾನರು ಒಂದು ಸೆನ್ಸಾರ್ ಕೊಂಡು ತಂದರು. ಅತ್ತೆಯವರಿಗೆ ಕಣ್ಣು ಮಂದವಾಗಿತ್ತು, ಹಿತ್ತಲ ಮೆಟ್ಟಿಲಲ್ಲಿ ಒಮ್ಮೆ ಜಾರಿಯೂ ಇದ್ದರು. ಸ್ವಿಚ್ಚು ತಡಕಾಡುವ ಕಷ್ಟ ತಪ್ಪಲಿ ಎಂದು ಅದನ್ನು ಹಿತ್ತಲ ಬಾಗಿಲ ಮೇಲೆ ಸಾದಾ ಬಲ್ಬಿಗೆ ಜೋಡಿಸಿದರು.

ಮೈಯ ಶಾಖ, ಚಲನೆ ಎಂದೆಲ್ಲ ಹೇಳಿದರೆ ಅವ್ವನಿಗೆ ತಿಳಿಯದೆಂದು ಯಜಮಾನರು ಸುಲಭ ಮಾಡಿ ಹೇಳಿದರು. "ಜೀವ ಇದ್ದೋರು ಬಂದ್ರ ಹತ್ತತೈತಿ ಯವ್ವಾ." ಆ ಮಾತೊಂದು ಆಡದಿದ್ದರೆ ಚೆನ್ನಾಗಿತ್ತು.

ಮೊದಮೊದಲು ಅತ್ತೆಗೆ ಅದೊಂದು ಮೋಜು. ನಮ್ಮಿಬ್ಬರ ತಕರಾರೆಲ್ಲ ಒಂದೇ ವಿಷಯಕ್ಕೆ. ನಾನು ಸೊರಬದ ಕಡೆ ಉಳವಿಯವಳು, ಬಾಯಿಗೆ ಬಂದಂತೆ "ಬಲ್ಬು ಆರಿತು" ಎನ್ನುತ್ತಿದ್ದೆ.

"ಆರಿತು ಅನಬ್ಯಾಡವ್ವ, ಅಪಶಕುನ, ದೊಡ್ಡದಾತು ಅನ್ನು."

"ಅದು ದೀಪ ಅಲ್ರೀ ಅತ್ತೆ, ಬಲ್ಬು."

"ಬೆಳಕು ಬೆಳಕೇ ಅಲ್ಲೇನು?"

ಚಳಿಗಾಲ ಶುರುವಾದಾಗ ಒಂದು ಸಂಜೆ ಅತ್ತೆ ಹಿತ್ತಲಿಗೆ ಹೋದರು, ಬಲ್ಬು ಹತ್ತಲಿಲ್ಲ. ಹಿಂದೆಯೇ ನಾನು ಹೋದೆ, ಹತ್ತಿತು. ಮರುದಿನವೂ ಅದೇ. ನನಗೆ ಹತ್ತುತ್ತದೆ, ಯಜಮಾನರಿಗೆ ಹತ್ತುತ್ತದೆ, ಹಾಳು ಬೆಕ್ಕಿಗೂ ಹತ್ತುತ್ತದೆ, ಅತ್ತೆಗೆ ಮಾತ್ರ ಇಲ್ಲ! ಶಾಲು ದಪ್ಪವಾಯಿತೇನೋ ಎಂದು ತೆಗೆಸಿ ನೋಡಿದೆವು. ಬೇಗ ನಡೆಯಿರಿ ಎಂದೆವು. ಊಹೂಂ.

ಶಿರಾಳಕೊಪ್ಪದಿಂದ ವೈರಿಂಗಿನವನನ್ನು ಕರೆಸಿದೆವು. ಅವನು ಬಿಚ್ಚಿದ, ಧೂಳು ಊದಿದ, ಕೈಯಾಡಿಸಿದ, ಹತ್ತಿತು. ಅತ್ತೆಯನ್ನು ನಡೆಸಿದ, ಹತ್ತಲಿಲ್ಲ. ನಕ್ಕುಬಿಟ್ಟ. "ಅಮ್ಮಾರು ಬಂದ್ರ ಇದು ಯಾರೂ ಇಲ್ಲ ಅಂತ ತಿಳ್ಕಂತೈತಿ ನೋಡ್ರಿ!" ನಾವೂ ನಕ್ಕೆವು. ಅತ್ತೆ ನಗಲಿಲ್ಲ.

ಅಂದಿನಿಂದ ಅವರ ಊಟ ಇಳಿಯಿತು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು. "ಖರೇ ಹೇಳವ್ವ, ನಾ ಅದೀನೇನು?"

ನಾನು ಅವರ ಕೈಯನ್ನು ಒತ್ತಿ ಹಿಡಿದೆ. "ಇದೆಂಥ ಮಾತ್ರೀ ಅತ್ತೆ! ಕೈ ಬೆಚ್ಚಗಿದೆಯಲ್ಲ."

"ನೀ ಒಳ್ಳೇಕಿ, ಹಂಗ ಅಂತೀ. ಆ ಬಲ್ಬಿಗೆ ಸುಳ್ಳು ಹೇಳಾಕ ಬರಂಗಿಲ್ಲ."

ಬಲ್ಬನ್ನು ಕಿತ್ತೊಗೆಯುತ್ತೇನೆಂದು ಯಜಮಾನರು ಹಾರಾಡಿದರೆ ಅತ್ತೆಯೇ ಬಿಡಲಿಲ್ಲ. ದಿನಾ ಸಂಜೆ ಅದರ ಕೆಳಗೆ ಹೋಗಿ ನಿಲ್ಲುವರು, ಬಂದು ಗೋಡೆ ಕಡೆ ಮುಖ ಮಾಡಿ ಮಲಗುವರು. ಕೊನೆಗೆ ಗಂಜಿ ಕೂಡ ಬೇಡವೆಂದರು. ಒಂದು ಬಲ್ಬಿನ ಹಟಕ್ಕೆ ಈ ಜೀವ ಹೋಗಿಬಿಡುತ್ತದೆಂದು ನನಗೆ ನಿಜಕ್ಕೂ ಭಯವಾಯಿತು.

ಆ ಸಂಜೆ ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಕಿಟಕಿಯಲ್ಲಿ ಅತ್ತೆ ಕಂಡರು. ಅದೇ ಕಂದು ಶಾಲು, ಗೋಡೆಗೆ ಒಂದು ಕೈ, ಎಡಗಾಲು ಕೊಂಚ ಎಳೆಯುವ ಅದೇ ನಡಿಗೆ. ಮೆಟ್ಟಿಲಿಳಿದರು. ಬಲ್ಬು ಝಗ್ ಎಂದು ಹತ್ತಿತು! ಅವರು ತಲೆಯೆತ್ತಿ ಅದನ್ನೇ ನೋಡುತ್ತ ನಿಂತರು. ಬೆಳ್ಳಗಿನ ಕೂದಲು ಕೂಡ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಅತ್ತೇ, ಹತ್ತಿತು ನೋಡ್ರೀ!" ಎಂದು ಕೂಗುತ್ತ ಹಿಟ್ಟಿನ ಕೈಯಲ್ಲೇ ಓಡಿದೆ. ಹಿತ್ತಲಲ್ಲಿ ಯಾರೂ ಇರಲಿಲ್ಲ. ಬಲ್ಬು ಉರಿಯುತ್ತಿತ್ತು.

ಒಳಗಿನ ಕೋಣೆಯಿಂದ ದನಿ ಬಂತು. "ಯಾರಿಗೆ ಹತ್ತಿತವ್ವ?"

ಹೋಗಿ ನೋಡಿದರೆ ಅತ್ತೆ ಹಾಸಿಗೆಯ ಮೇಲೆ ಎದ್ದು ಕೂತಿದ್ದಾರೆ. ಶಾಲು ಮಡಿಸಿದ್ದು ಮಡಿಸಿದಂತೆ ಕಾಲ ಬಳಿ ಇದೆ. ಹಿತ್ತಲಿಗೆ ಇರುವುದು ಅಡುಗೆಮನೆಯ ದಾರಿಯೊಂದೇ, ಅಲ್ಲಿ ನಾನಿದ್ದೆ.

"ಯಾರಿಗೆ?" ಎಂದು ಮತ್ತೆ ಕೇಳಿದರು.

"ನಿಮಗೇ ರೀ ಅತ್ತೆ."

"ನೀ ಕಂಡಿಯೇನು?"

"ಕಂಡೆ. ಕಣ್ಣಾರೆ ಕಂಡೆ."

ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, "ಹಂಗಾರ ಒಂದು ರೊಟ್ಟಿ ಹಾಕು ಬಾ" ಎಂದರು. ಎರಡು ತಿಂದರು, ಪಲ್ಯ ಕೇಳಿ ಹಾಕಿಸಿಕೊಂಡರು.

ಬೆಕ್ಕು ಹಾದಿರಬೇಕು ಎಂದರು ಯಜಮಾನರು. ಇರಬಹುದು. ಬೆಕ್ಕು ಶಾಲು ಹೊದೆಯುತ್ತದೆಯೇ? ನನ್ನ ಆಸೆಯೇ ಹಾಗೆ ಕಂಡಿತೇ? ಕಂಡಿತು ಎನ್ನೋಣ. ಬಲ್ಬಿಗೂ ಆಸೆ ಇತ್ತೇ?

ಅತ್ತೆ ಆಮೇಲೆ ಬಹಳ ವರ್ಷ ಬದುಕಿದರು. ಬಲ್ಬು ಕೊನೆಯವರೆಗೂ ಅವರಿಗೆ ಹತ್ತಲಿಲ್ಲ. ಅವರೂ ಅದರತ್ತ ತಲೆಯೆತ್ತಲಿಲ್ಲ, ನಾನು ಕಂಡೆ ಎಂದದ್ದೇ ಅವರಿಗೆ ಸಾಕಾಗಿತ್ತು. ಅವತ್ತು ನಾನು ಅವರಿಗೆ ಹೇಳಿದ್ದು ಸುಳ್ಳೋ ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ.