ಪಟ್ಟದ ಗೊಂಬೆಯ ಹೊಸ ಬಟ್ಟೆ

ನನ್ನ ಯಜಮಾನರ ಕೆಲಸ ಹೋದ ಚಳಿಗಾಲದಲ್ಲೇ ಮೈಸೂರಿನಲ್ಲಿ ಮಾವನವರೂ ತೀರಿಕೊಂಡರು. ಡೆಟ್ರಾಯಿಟ್ ಸುತ್ತಮುತ್ತ ಆಗ ಯಾರನ್ನು ಕೇಳಿದರೂ ಲೇಆಫ್‌ನದ್ದೇ ಮಾತು. ವೀಸಾದ ಮೇಲಿರುವವರಿಗೆ ಕೆಲಸವಿಲ್ಲದೆ ಸುಮ್ಮನೆ ಕೂರುವ ಸೌಭಾಗ್ಯವೂ ಇಲ್ಲ. ಮುನ್ನೂರು ಮೈಲಿ ದೂರದ ಓಕ್ ಬ್ರೂಕ್‌ನಲ್ಲಿ ಪ್ರಾಜೆಕ್ಟ್ ಸಿಕ್ಕಿದಾಗ ಎಷ್ಟು ದಿನದ್ದು ಎಂದೂ ಕೇಳದೆ, ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ಒಂದೇ ಬೆಡ್‌ರೂಮಿನ ಮನೆ ಹಿಡಿದೆವು. ಅಲ್ಲಿ ಹಿಡಿಯದ ಸಾಮಾನೆಲ್ಲ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನ ಸ್ಟೋರೇಜ್‌ನಲ್ಲಿ, ಶಟರ್ ಎಳೆದು ಬೀಗ ಹಾಕುವ ಬಾಡಿಗೆ ಕೋಣೆಯೊಂದರಲ್ಲಿ ಉಳಿಯಿತು.

ಸೋಫಾ, ಮಂಚ, ಟೀವಿ ಹೋದರೆ ಹೋಗಲಿ. ಅಲ್ಲಿ ನನ್ನ ದಸರಾ ಗೊಂಬೆಗಳ ಟ್ರಂಕೂ ಇತ್ತು. ಅದರೊಳಗೆ ಪಟ್ಟದ ಗೊಂಬೆ, ಮರದ ರಾಜ ರಾಣಿ. ಅಜ್ಜಿ ಅಮ್ಮನಿಗೆ, ಅಮ್ಮ ನನಗೆ ಮದುವೆಯಲ್ಲಿ ಕೊಟ್ಟ ಜೋಡಿ. ರಾಣಿಯ ಮೂಗಿನ ತುದಿಯನ್ನು ಚಿಕ್ಕಂದಿನಲ್ಲಿ ಮುಕ್ಕು ಮಾಡಿದವಳು ನಾನು. ಪ್ರತಿ ವರ್ಷ ಅಮ್ಮ ಹಳೆಯ ರೇಷ್ಮೆ ಸೀರೆ ಕತ್ತರಿಸಿ ಅವಕ್ಕೆ ಹೊಸ ಬಟ್ಟೆ ಹೊಲಿದು ಪೋಸ್ಟ್ ಮಾಡುತ್ತಿದ್ದಳು. ಮಾವನವರ ವರ್ಷಾಬ್ದಿಕ ಮುಗಿಯುವ ತನಕ ನಮಗೆ ಹಬ್ಬವಿಲ್ಲ. ಕೂರಿಸದ ಗೊಂಬೆಗೆ ಆ ಪುಟ್ಟ ಮನೆಯಲ್ಲಿ ಜಾಗ ಯಾಕೆ ಎಂದು ಟ್ರಂಕನ್ನು ಬಿಟ್ಟುಬರಲು ಹೇಳಿದವಳೂ ನಾನೇ.

ಹೊರಟಿದ್ದು ಶನಿವಾರ. ಎಂಟೂವರೆಗೇ ಮನೆ ಬಿಟ್ಟು, ದಾರಿಯಲ್ಲಿ ಸ್ಟೋರೇಜ್ ಆಫೀಸಿಗೆ ಹೋದೆವು. ಕೌಂಟರಿನಲ್ಲಿದ್ದವನು ವಿಳಾಸ ಬದಲಾವಣೆಯ ಫಾರಂ ಕೊಟ್ಟ. ನಾನು ಹೊಸ ವಿಳಾಸ ತುಂಬಿಸಿ, ಚೀಲದಿಂದ ಪಂಚಾಂಗ ತೆಗೆದು ನೋಡಿದೆ. ಒಂಬತ್ತರಿಂದ ಹತ್ತೂವರೆ ರಾಹುಕಾಲ.

"ಈಗ ಸೈನ್ ಹಾಕ್ಬೇಡಿ," ಎಂದೆ.

"ಎರಡು ನಿಮಿಷದ ಕೆಲಸ ಕಣೇ," ಎಂದರು ಇವರು.

"ಹೊಸ ಮನೆ ಅಡ್ರೆಸ್ಸಿಗೆ ರಾಹುಕಾಲದಲ್ಲಿ ಯಾರಾದ್ರೂ ಸೈನ್ ಹಾಕ್ತಾರಾ? ಆಗಿರೋದು ಸಾಲ್ದಾ? ಅಲ್ಲಿಗೆ ಹೋಗಿ ಪೋಸ್ಟ್ ಮಾಡೋಣ."

ಇವರು ಪೆನ್ನು ಕೆಳಗಿಟ್ಟರು. ನನಗೆ ಆಗ ನೆರಳು ಕಂಡರೂ ಹೆದರಿಕೆ, ಅದು ಇವರಿಗೆ ಗೊತ್ತಿತ್ತು.

ವರ್ಷ ಕಳೆಯಿತು. ಹಳೆಯ ಮನೆಯ ಟಪಾಲು ನಮಗೆ ಬರುವಂತೆ ಪೋಸ್ಟ್ ಆಫೀಸಿನಲ್ಲಿ ಮಾಡಿಸಿದ್ದ ಏರ್ಪಾಡಿನ ಅವಧಿ ಮುಗಿಯಿತು. ಬಾಡಿಗೆ ಕಟ್ಟುತ್ತಿದ್ದ ಕಾರ್ಡಿನ ಅವಧಿಯೂ ಮುಗಿದು ಹೊಸದು ಬಂತು. ಅದನ್ನು ಸ್ಟೋರೇಜಿನವರಿಗೆ ತಿಳಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅವರ ಬಳಿ ಇದ್ದ ಫೋನ್ ನಂಬರ್ ಇವರ ಹಳೆಯ ಕಂಪನಿಯದು, ಕೆಲಸದ ಜೊತೆಗೇ ಹೋಗಿತ್ತು. ಇದ್ಯಾವುದೂ ನೆನಪಿಲ್ಲದೆ, ಈ ವರ್ಷ ಗೊಂಬೆ ಕೂರಿಸಬಹುದೆಂಬ ಸಡಗರದಲ್ಲಿ, ದಸರೆಗೆ ಮೂರು ವಾರವಿರುವಾಗ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಹೋದೆವು.

ನಮ್ಮ ಶಟರಿಗೆ ಬೇರೆ ಬೀಗ ನೇತಾಡುತ್ತಿತ್ತು. ಬಾಡಿಗೆ ಬಾರದ ಕಾರಣ ಎರಡು ತಿಂಗಳ ಹಿಂದೆಯೇ ಹರಾಜು ಹಾಕಿದ್ದರು. ಕೊಂಡವರ ಹೆಸರು ಹೇಳುವಂತಿಲ್ಲ ಎಂದ ಅದೇ ಕೌಂಟರಿನವನು. ನಾವು ಹೊರದೇಶದವರೆಂದು ಹೀಗೆ ಮಾಡಿದಿರಿ ಎಂದು ಅವನ ಮೇಲೆ ಕೂಗಾಡಿದೆ. ಪಾಪ, ಅವನು ಒಂದು ಚೀಟಿ ಕೊಟ್ಟು, ಗೊಂಬೆ ವಾಪಸ್ ಬೇಕೆಂದು ಬರೆಯಿರಿ, ಕೊಂಡವನಿಗೆ ತಲುಪಿಸುತ್ತೇನೆ ಎಂದ. ಬರೆದುಕೊಟ್ಟೆ. ಯಾರೂ ಫೋನ್ ಮಾಡಲಿಲ್ಲ.

ಅಲ್ಲಿಂದ ನೇರವಾಗಿ ಟ್ರಾಯ್‌ನಲ್ಲೇ ಇದ್ದ, ವಕೀಲಿ ಮಾಡುತ್ತಿದ್ದ ಕನ್ನಡದ ಆಂಟಿಯೊಬ್ಬರ ಮನೆಗೆ ಹೋದೆವು. ಅವರು ಒಪ್ಪಂದದ ಕಾಗದ ಪೂರ್ತಿ ಓದಿದರು.

"ಮಾರೋಕ್ ಮುಂಚೆ ನಿಮಗೆ ನೋಟಿಸ್ ಕಳಿಸ್ಬೇಕು. ಬಾಕಿ ಕಟ್ಟಿ ಸಾಮಾನು ಬಿಡಿಸ್ಕೊಳ್ಳೋಕೆ ಟೈಮ್ ಕೊಡ್ಬೇಕು. ಅದು ನಿಮ್ಮ ಹಕ್ಕು. ಆದ್ರೆ ಅವ್ರು ತಮಗೆ ಗೊತ್ತಿರೋ ಅಡ್ರೆಸ್ಸಿಗೆ ಕಳಿಸಿದ್ರೆ ಸಾಕಮ್ಮ. ಹೊಸ ಅಡ್ರೆಸ್ ಬರೆದು ಕೊಟ್ಟಿದ್ರಾ?"

"ಫಾರಂ ತುಂಬಿ ಪೋಸ್ಟ್ ಮಾಡಿದೀವಿ ಆಂಟಿ," ಎಂದೆ, ಎದೆ ತಟ್ಟಿಕೊಂಡು.

"ಹಾಗಾದ್ರೆ ಕೇಸ್ ಇದೆ. ಕಾಪಿ ಹುಡುಕಿ."

ಮನೆಗೆ ಬಂದು ಎರಡು ದಿನ ಕಾಗದಪತ್ರವೆಲ್ಲ ಹರಡಿಕೊಂಡು ಹುಡುಕಿದೆ. ಕೊನೆಗೆ ದೇವರ ಗೂಡಿನ ಕೆಳಗೆ ಕಳೆದ ವರ್ಷದ ಪಂಚಾಂಗ ಸಿಕ್ಕಿತು. ಎತ್ತಿದರೆ ಫಾರಂ ಕೆಳಗೆ ಬಿತ್ತು. ಕಾಪಿಯಲ್ಲ, ಅದೇ ಫಾರಂ. ನನ್ನ ಅಕ್ಷರದಲ್ಲಿ ಡೌನರ್ಸ್ ಗ್ರೋವ್ ವಿಳಾಸ, ಸೈನ್ ಹಾಕುವ ಜಾಗ ಖಾಲಿ. ಹತ್ತೂವರೆ ಆದ ಮೇಲೆ ಎಷ್ಟು ಒಳ್ಳೆಯ ಗಳಿಗೆಗಳು ಬಂದು ಹೋಗಿದ್ದವು! ಇವರು ಫಾರಂ ನೋಡಿದರು, ಮಡಚಿ ಜೇಬಿಗೆ ಹಾಕಿಕೊಂಡರು. "ನಾನಾದ್ರೂ ಕೇಳ್ಬೇಕಿತ್ತು, ಬಿಡು," ಎಂದರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕೇಸಿನ ಮಾತು ಅಲ್ಲಿಗೆ ಮುಗಿಯಿತು.

ಅದೇ ವಾರ ಅಮ್ಮನ ಪಾರ್ಸೆಲ್ ಬಂತು. ಒಂದು ವರ್ಷ ಹೊಲಿಯದೆ ಕೂತಿದ್ದಕ್ಕೋ ಏನೋ, ಈ ಸಲ ಕೈತುಂಬ ಕೆಲಸ ಮಾಡಿದ್ದಳು. ರಾಣಿಗೆ ಮಾವಿನಹಣ್ಣಿನ ಬಣ್ಣದ ಸೀರೆ, ರಾಜನಿಗೆ ಜರಿಯಂಚಿನ ಪಂಚೆ, ಪೇಟ. ಬಟ್ಟೆಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿರುವಾಗಲೇ ಅವಳ ಫೋನು.

"ರಾಣಿ ಸೀರೆ ಅಳತೆ ಸರಿಹೋಯ್ತೇನೇ? ಕಣ್ಣು ಮೊದಲಿನ ಹಾಗಿಲ್ಲ, ಅಂದಾಜಲ್ಲಿ ಹೊಲಿದೆ."

ಹೇಳಿಬಿಡೋಣ ಎಂದು ಬಾಯಿ ತೆರೆದೆ.

"ಸರಿಹೋಯ್ತಮ್ಮ. ಅಳತೆ ತೆಗೆದು ಹೊಲಿದ ಹಾಗಿದೆ."

"ರಾಜನ ಪೇಟ ಸಡಿಲ ಆಗಿರ್ಬೇಕಲ್ಲ?"

"ಒಂಚೂರು. ಪಿನ್ ಹಾಕಿದೀನಿ."

ಅಮ್ಮನಿಗೆ ಸಮಾಧಾನವಾಯಿತು. ಮುಂದಿನ ವರ್ಷ ಪೇಟವನ್ನು ಸ್ವಲ್ಪ ಬಿಗಿ ಮಾಡಿ ಹೊಲಿದು ಕಳಿಸಿದಳು.