ಅತಾವುಲ್ಲಾ ಮುಚ್ಚಿದ ಪೆಟ್ಟಿಗೆ

ಗಂಗಾನಗರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಅತಾವುಲ್ಲಾನ ಕೈ ಬಲು ಚೊಕ್ಕ, ಮನಸ್ಸು ಮಾತ್ರ ಬಲು ಇಕ್ಕಟ್ಟು. ಗಿರಾಕಿಯ ಎದುರಿಗೆ ಅವನು ರೇಡಿಯೋ ಬಿಚ್ಚುತ್ತಿರಲಿಲ್ಲ. ಬೆನ್ನು ತಿರುಗಿಸಿ ಕೂತು ಬಿಚ್ಚುತ್ತಿದ್ದ. ಅದಕ್ಕೊಂದು ಕಾರಣವೂ ಇತ್ತೆನ್ನಿ. ಎಪ್ಪತ್ತರ ದಶಕದ ಕೊನೆಗೆ ಅವನೊಂದು ಪುಟ್ಟ ಆಂಪ್ಲಿಫೈಯರ್ ಮಾಡಿ, ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ ಸಾಮಾನಿನ ವ್ಯಾಪಾರಿ ಸರ್ದಾರ್ ಸಾಹೇಬರಿಗೆ ತೋರಿಸಿದ್ದ. ಅವರು ಚಹಾ ಕುಡಿಸಿ, 'ಇಟ್ಟು ಹೋಗು, ನೋಡೋಣ' ಎಂದರು. ಹಬ್ಬದ ಹೊತ್ತಿಗೆ ಅದೇ ಆಂಪ್ಲಿಫೈಯರ್ ಬೇರೆ ಹೆಸರು ಹೊತ್ತು ಅವರ ಅಂಗಡಿಯ ಗಾಜಿನ ಹಿಂದೆ ಕೂತಿತ್ತು. ಅವತ್ತಿನಿಂದ ಅತಾವುಲ್ಲಾನಿಗೆ ತನ್ನ ಹೆಂಡತಿ ಕುಬ್ರಾಳನ್ನು ಬಿಟ್ಟರೆ ಲೋಕದಲ್ಲಿ ಮಿಕ್ಕವರೆಲ್ಲ ಕಳ್ಳರೇ.

ಎಂಬತ್ತನಾಲ್ಕರ ಸುಮಾರಿಗೆ ದುಬೈಯಿಂದ ಆರ್.ಟಿ. ನಗರಕ್ಕೆ ಮರಳಿದವರು ಮನೆ ಕಂಪ್ಯೂಟರುಗಳನ್ನು ತರತೊಡಗಿದರು. ನೋಡಲು ಆಟದ ಸಾಮಾನು. ಟೀವಿಗೆ ಸಿಕ್ಕಿಸಬೇಕು, ಟೇಪ್ ರೆಕಾರ್ಡರಿನಿಂದ ಪ್ರೋಗ್ರಾಂ ತುಂಬಿಸಬೇಕು. ಅದರ ಮೆಮೊರಿಯೋ, ಅರೆಪಾವು ಅಕ್ಕಿ ಹಿಡಿಯದ ಪಾತ್ರೆ. ಹೆಚ್ಚು ಮೆಮೊರಿ ಬೇಕೆಂದರೆ ಹಿಂಬದಿಗೆ ಒಂದು ಪೆಟ್ಟಿಗೆ ಸಿಕ್ಕಿಸಬೇಕಿತ್ತು. ಪರದೇಶದ ಪೆಟ್ಟಿಗೆ ದುಬಾರಿ, ಸಾಲದ್ದಕ್ಕೆ ಅಲ್ಲಾಡುತ್ತಿತ್ತು. ಮೇಜಿಗೆ ಮೊಣಕೈ ತಗುಲಿದರೆ ಸಾಕು, ಸಂಜೆಯೆಲ್ಲ ಕೂತು ಬರೆದದ್ದು ಅಳಿಸಿಹೋಗುತ್ತಿತ್ತು.

ಅಂಥ ಪೆಟ್ಟಿಗೆಯನ್ನು ಇಲ್ಲೇ ಮಾಡೋಣ ಎಂದವನು ಪಂಚಪ್ಪ. ಗದಗದ ಕಡೆಯವನು, ಫ್ಯಾಕ್ಟರಿಯಲ್ಲಿ ಕೆಲಸ, ಪಕ್ಕದ ಬೀದಿಯಲ್ಲಿ ಮನೆ. ಭಾನುವಾರ ಬಂತೆಂದರೆ ಅತಾವುಲ್ಲಾನ ಅಂಗಡಿಯಲ್ಲಿ ಹಾಜರ್. ಸರ್ಕ್ಯೂಟು ಅವನ ತಲೆ, ಬೆಸುಗೆ ಇವನ ಕೈ. ಪಂಚಪ್ಪ ತಂದ ಜೋಳದ ರೊಟ್ಟಿ, ಕುಬ್ರಾ ಕಳಿಸಿದ ಚಹಾ, ಎರಡರ ನಡುವೆ ಪೆಟ್ಟಿಗೆ ಬೆಳೆಯಿತು. ಮೆಮೊರಿಯ ಜೊತೆಗೆ ಪ್ರಿಂಟರಿಗೊಂದು ಕಿಂಡಿ, ಅಲ್ಲಾಡದಂತೆ ಎರಡು ತಿರುಪು. ವಿದ್ಯಾರಣ್ಯಪುರದ ಗಿರಾಕಿಯೊಬ್ಬರ ಮನೆಯಲ್ಲಿ ಅದು ಮೊದಲ ಸಲ ನಡೆದಾಗ ಇಬ್ಬರೂ ತಬ್ಬಿಕೊಂಡು ಮಕ್ಕಳ ಹಾಗೆ ಕುಣಿದರು.

ಕುಣಿದು ಮನೆಗೆ ಬಂದ ಅತಾವುಲ್ಲಾನಿಗೆ ಊಟ ಸೇರಲಿಲ್ಲ. ಇದೂ ಕೈ ತಪ್ಪಿದರೆ? ಮತ್ತೊಬ್ಬನ ಹೆಸರು ಹೊತ್ತು ಗಾಜಿನ ಹಿಂದೆ ಕೂತರೆ? ಹಾಗಾದರೆ ತಾನು ಬದುಕಿದ್ದೂ ಸತ್ತ ಹಾಗೆ ಎಂದುಕೊಂಡ. ಮರುದಿನವೇ ಉಪ್ಪುಕಾಗದ ಹಿಡಿದು ಯಾವುದೆಂದು ಯಾರಿಗೂ ತಿಳಿಯದಂತೆ ಸರ್ಕ್ಯೂಟಿನ ಚಿಪ್‌ಗಳ ಮೇಲಿನ ನಂಬರುಗಳನ್ನೆಲ್ಲ ಉಜ್ಜಿ ಅಳಿಸಿದ. ಎರಡು ಟ್ಯೂಬು ಕಲಸುವ ಗಟ್ಟಿ ಅಂಟನ್ನು ಮಾರಾಟಕ್ಕೆಂದು ಮಾಡಿಟ್ಟ ಪೆಟ್ಟಿಗೆಗಳೊಳಗೆ ಬಾಯಿಮಟ್ಟ ಸುರಿದ. ಸರ್ಕ್ಯೂಟಿನ ನಕ್ಷೆಯನ್ನು ಕುಬ್ರಾಳ ಒಲೆಗೆ ಹಾಕಿದ. ಕೈಯಾರೆ ಮಾಡುವವನಿಗೆ ಕಾಗದ ಯಾಕೆ ಎಂಬ ಜಂಬ ಬೇರೆ.

ಭಾನುವಾರ ಬಂದ ಪಂಚಪ್ಪ ಪೆಟ್ಟಿಗೆ ನೋಡಿ ತಲೆ ಮೇಲೆ ಕೈ ಹೊತ್ತ.

"ಏನ್ ಮಾಡ್ದಿಯೋ? ಅದಕ್ಕ ಉಸಿರಾಡಾಕ ಜಾಗಾ ಬ್ಯಾಡೇನು? ಬ್ಯಾಸಗಿ ಬಂದ್ರ ಒಳಗ ಕಾದು ಸಾಯ್ತೈತಿ."

"ಸತ್ರೆ ಸಾಯ್ಲಿ. ಯಾರೂ ಕದಿಯೋಕಾಗಲ್ಲ ಕಣೋ."

"ಅಂಟ್ ಹಾಕಲಾರದ್ದು ಒಂದಾರ ನನ್ನ ಕಡೆ ಇರ್ಲಿ. ನಾಳೆ ರಿಪೇರಿಗೆ ಬಂದ್ರ ನೋಡಾಕ ಬೇಕಲ್ಲ."

ಅತಾವುಲ್ಲಾನ ಕಣ್ಣು ಸಣ್ಣದಾಯಿತು. "ನಿನ್ನ ಕಡೆ ಯಾಕೆ? ಸರ್ದಾರ್ ಸಾಹೇಬ್ರು ಕೇಳಿದ್ರಾ?"

ಪಂಚಪ್ಪನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡ ಅತಾವುಲ್ಲಾ. ನೊಂದವನ ಮುಖವೂ ಕೆಂಪಾಗುತ್ತದೆ ಎಂಬುದು ಆ ಮಹಾಶಯನಿಗೆ ಹೊಳೆಯಲಿಲ್ಲ.

"ನಿನ್ನ ಮನಿ ಚಾ ಕುಡದೀನಿ. ಅದಕ್ಕ ಸುಮ್ನ ಹೋಗ್ತೀನಿ," ಎಂದು ಪಂಚಪ್ಪ ಎದ್ದುಹೋದ.

ಚಳಿಗಾಲದಲ್ಲಿ ಪೆಟ್ಟಿಗೆಗಳು ಚೆನ್ನಾಗಿ ನಡೆದವು. ಹೆಬ್ಬಾಳ, ಯಲಹಂಕದಿಂದಲೂ ಜನ ಹುಡುಕಿಕೊಂಡು ಬಂದರು. ಶಿವರಾತ್ರಿ ಕಳೆದು ಬಿಸಿಲೇರಿತು. ಒಂದೊಂದಾಗಿ ಪೆಟ್ಟಿಗೆಗಳು ಸತ್ತವು. ಕೊಂಡವರು ಬಾಗಿಲಿಗೆ ಬಂದು ಬೈದು, ಅವನ್ನು ಅಂಗಡಿಯ ಮೇಜಿನ ಮೇಲೆ ಕುಕ್ಕಿ ಹೋದರು. ಅತಾವುಲ್ಲಾ ಅಂಟನ್ನು ಉಳಿಯಿಂದ ಕೆತ್ತಿದ, ಕಾಯಿಸಿ ನೋಡಿದ. ಅಂಟು ಏಳುವಾಗ ಬೋರ್ಡನ್ನೇ ಕಿತ್ತುಕೊಂಡು ಎದ್ದಿತು. ಹೊಸದು ಮಾಡೋಣವೆಂದರೆ ಮೂರು ಬಗೆಯ ಚಿಪ್‌ಗಳೂ ಉಜ್ಜಿಸಿಕೊಂಡು ಒಂದೇ ಡಬ್ಬಿಯಲ್ಲಿ ಬಿದ್ದಿದ್ದವು. ಯಾವುದು ಯಾವುದೆಂದು ತಿಳಿಯದು. ಚಿಪ್‌ನ ಯಾವ ಕಾಲಿನಿಂದ ಯಾವ ಕಾಲಿಗೆ ತಂತಿ ಎಂಬುದೂ ತಲೆಯಲ್ಲಿ ಕಲಸುಮೇಲೋಗರವಾಯಿತು. ಕಳ್ಳನಿಗೆಂದು ಹಾಕಿದ ಬೀಗದ ಒಳಗೆ ಯಜಮಾನನೇ ಸಿಕ್ಕಿಕೊಂಡಿದ್ದ.

"ಪಂಚಪ್ಪಣ್ಣನ ಹತ್ತಿರ ಹೋಗಿ," ಎಂದು ಕುಬ್ರಾ ದಖನಿ ಉರ್ದುವಿನಲ್ಲಿ ಹೇಳಿ ಹೇಳಿ ಸೋತಳು. ಅವನು ಹೋಗಲಿಲ್ಲ. ಎರಡು ಬೇಸಗೆ ಹಾಗೇ ಕಳೆದವು. ಕಂಪ್ಯೂಟರಿನವರು ಅತ್ತ ಸುಳಿಯಲಿಲ್ಲ, ರೇಡಿಯೋದವರೂ ಕಡಿಮೆಯಾದರು. ಕೊನೆಗೆ ಹಟ ಮುರಿದು, ಸತ್ತ ಪೆಟ್ಟಿಗೆಯೊಂದನ್ನು ಹಿಡಿದು ಅವನು ಹೋದದ್ದು, ನೋಡಿ, ಎಸ್.ಪಿ. ರೋಡಿಗೆ!

"ನೀವೇ ಮಾಡ್ಕೊಳ್ಳಿ ಸಾಹೇಬ್ರೇ. ನನ್ ಹೆಸ್ರು ಬೇಡ. ಒಡೆದು ನೋಡಿದ್ರೆ ನಿಮ್ಮೋರಿಗೆ ಗೊತ್ತಾಗುತ್ತೆ."

ಸರ್ದಾರ್ ಸಾಹೇಬರು ಪೆಟ್ಟಿಗೆಯನ್ನು ತಿರುಗಿಸಿಯೂ ನೋಡಲಿಲ್ಲ. "ಇದನ್ನ ಈಗ ಯಾರ್ ಕೇಳ್ತಾರಪ್ಪಾ? ಹೊಸ ಮೆಷೀನ್‌ಗಳಲ್ಲಿ ಮೆಮೊರಿ ಒಳಗೇ ಬರುತ್ತೆ. ಪುಕ್ಕಟೆ ಕೊಟ್ರೂ ಇಡೋಕೆ ಜಾಗ ಇಲ್ಲ."

ಅತಾವುಲ್ಲಾ ಬಸ್ಸಿಳಿದವನು ಮನೆಗೆ ಹೋಗದೆ ಪಂಚಪ್ಪನ ಬಾಗಿಲು ತಟ್ಟಿದ. ಕ್ಷಮಿಸು ಎನ್ನಬೇಕೆಂದೇ ಬಂದಿದ್ದ, ಬಾಯಿಂದ ಬಂದದ್ದು ಬೇರೆಯೇ.

"ಪಂಚಪ್ಪಾ, ಸರ್ದಾರ್‌ಗೂ ಬೇಡ್ವಂತೆ ಕಣೋ."

ಪಂಚಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ. "ಆವತ್ತ ನೀ ನನ್ನ ಕಳ್ಳ ಅಂದಾಗ ಆ ಸರ್ಕ್ಯೂಟು ಪೂರಾ ನನ್ನ ತಲ್ಯಾಗ ಇತ್ತೋ. ಮಾರೂದಿದ್ರ ಮರುದಿನಾನ ಮಾರ್ತಿದ್ದೆ."

"ಗೊತ್ತು ಕಣೋ, ಈಗ ಗೊತ್ತಾಯ್ತು. ಇನ್ನೊಂದ್ ಸಲ ಕೂತು ಮಾಡೋಣ. ನೆನಪಿದ್ಯಾ?"

"ಇಲ್ಲ. ಮರೀಬೇಕಂತನ ಮರತೀನಿ."

ಅಷ್ಟು ಹೇಳಿದ ಪಂಚಪ್ಪ ಬಾಗಿಲು ಹಾಕಲಿಲ್ಲ, ಬೈಯಲಿಲ್ಲ. ಒಳಗೆ ಬಾ ಎಂದೂ ಕರೆಯಲಿಲ್ಲ.