ಎರ್ರಪ್ಪ ಕಂಡ ಲಂಡನ್ ಬಾರುಗಳು

ಹೊತ್ತು ಹುಟ್ಟುತ್ತಲೇ ಗಾಜಿನ ಲೋಟ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಮೂಸಿ ನೋಡಿದ ಮೇಲೆಯೇ ಎರ್ರಪ್ಪ ನೀರು ಕುಡಿಯುತ್ತಿದ್ದ. ಬಿಳಿ ದೊರೆಯೊಬ್ಬನ ಆಳಾಗಿ ಲಂಡನ್ನಿನಲ್ಲಿದ್ದ ಮೂರು ವರ್ಷ, ಕೊಡೆ ಹಿಡಿದು ಕಾಕ್‌ಟೇಲ್ ಬಾರುಗಳ ಬಾಗಿಲಲ್ಲಿ ಕಾಯುತ್ತ ನೋಡಿ ಕಲಿತದ್ದು ಅದು. ತಾನು ಮಾತ್ರ ಒಂದು ಹನಿ ಮುಟ್ಟಿದವನಲ್ಲ.

ರಾಯದುರ್ಗಕ್ಕೆ ಪಾನನಿಷೇಧ ಬಂದ ವರ್ಷ, ಆ ಲೋಟ ಕೈಯಲ್ಲಿದ್ದಾಗಲೇ ಪೊಲೀಸ್ ಪೇದೆ ಬಾಗಿಲಿಗೆ ಬಂದ. "ಒಳ್ಳೆ ಸರಕು ಎಲ್ಲಿ ಸಿಗ್ತದಂತ ನಿನಗ ಗೊತ್ತಂತಲ್ಲ? ಇನ್ಸ್‌ಪೆಕ್ಟರ್ ಕರೀತಾರ, ನಡಿ."

ಲಂಡನ್ ಬಾರುಗಳ ಬಗ್ಗೆ ಹೋಟೆಲಿನಲ್ಲಿ ಕೊಚ್ಚಿಕೊಂಡ ಮಾತೆಲ್ಲ ಎರ್ರಪ್ಪನಿಗೆ ನೆನಪಾಯಿತು. ಹೆಂಡತಿ ಉಜ್ಜಿನಮ್ಮ ದೇವರ ಮುಂದಿನ ಕುಂಕುಮವನ್ನು ಅವನ ಹಣೆಗಿಟ್ಟು ಕಳಿಸಿದಳು. ಪೇಟೆಯ ಜನ ಅಂಗಡಿ ಬಿಟ್ಟು ಎದ್ದು ನೋಡಿದರು. ಜೈಲೇ ಗತಿ ಎಂದುಕೊಳ್ಳುತ್ತ ಅವನು ಠಾಣೆಯ ಮೆಟ್ಟಿಲು ಹತ್ತಿದ.

ಇನ್ಸ್‌ಪೆಕ್ಟರ್ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. "ನನ್ನ ಭಾವಮೈದ ಲಂಡನ್ನಿಗೆ ಹೊಂಟಾನ. ಅಲ್ಲಿ ಚಲೋ ಬಾರು ಯಾವುವು ಅಂತ ಜೀವ ತಿಂತಾನ. ಹೇಳಪ್ಪ."

ಎರ್ರಪ್ಪ ಕೈಕಟ್ಟಿ ನಿಂತೇ ಹೇಳಿದ. "ದೀಪ ಝಗಮಗ ಅನ್ನೋ ಕಡೆ ಬ್ಯಾಡ್ರಿ ಸ್ವಾಮಿ. ನದಿ ಕಡೆ ಸಣ್ಣ ಓಣಿಯೊಳಗ ನೋಡ್ಲಿ. ಲೋಟ ಒರೆಸಿ ಮೂಸಿ ನೋಡವ, ಗಿರಾಕಿ ಕೇಳಿದ ಮ್ಯಾಲೇ ನಿಂಬೆಹಣ್ಣು ಕೊಯ್ಯವ ಎಲ್ಲಿರ್ತಾನ, ಅಲ್ಲಿ ಕೂಡ್ರಲಿ."

ಇನ್ಸ್‌ಪೆಕ್ಟರ್ ನಗುತ್ತ ಬರೆದುಕೊಂಡರು. "ಬಿಸಿಲೇರೇದ. ಪೇದೆ ಜೊತೆ ಜಟಕಾದಾಗ ಮನಿಗೆ ಕಳಿಸ್ತೀನಿ."

ಎರ್ರಪ್ಪ ಎರಡೂ ಕೈ ಜೋಡಿಸಿದ. "ಬ್ಯಾಡ್ರಿ, ಕೈ ಮುಗೀತೀನಿ. ಪೇದೆ ಜೊತೆ ಬಂದದ್ದು ಊರೆಲ್ಲ ನೋಡೇದ. ಒಬ್ಬನೇ ನಡಕೊಂಡು ಹೋಗೋದೂ ನೋಡ್ಲಿ."